ಬೈಕಿಗೆ ‘ಪವರ್ ಕಿಟ್’ ಹಾಕ್ಸೋ ಮುಂಚೆ ಇದನ್ನ ಓದಿ



ಈ ಸಲ ರಾಗಿ ಬಗ್ಗೆ ಅಲ್ಲ, ತೆಂಗಿನ ಬಗ್ಗೆನೂ ಅಲ್ಲ, ಬೈಕಿನ ಬಗ್ಗೆ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ. ಬೈಕು ನಮಗೆ ಶೋಕಿ ಸಾಮಾನಲ್ಲ. ಪಂಪ್‌ಸೆಟ್ಟು, ಸ್ಪ್ರೇಯರ್ ಹೆಂಗೋ ಅದೂ ಹಂಗೆ ಬೇಸಾಯದ ಸಾಮಾನು. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಬೂಸಾ ಮೂಟೆ, ಸಂಜೆ ಹುಲ್ಲಿನ ಹೊರೆ, ರಾತ್ರಿ ತ್ರೀ ಫೇಸ್ ಬಂದ್ರೆ ಮೋಟ್ರು ಹಾಕಕ್ಕೆ ತೋಟಕ್ಕೆ. ಎಲ್ಲಾ ಅದರ ಮೇಲೇ.

ವಿಷಯ ಏನಪ್ಪಾ ಅಂದ್ರೆ, ಟೌನಲ್ಲಿ ಈಗ ‘ಗಾಡಿಗೆ ಪವರ್ ಜಾಸ್ತಿ ಮಾಡಿಕೊಡ್ತೀವಿ’ ಅನ್ನೋ ವ್ಯಾಪಾರ ಜೋರಾಗಿದೆ. ಮೊಬೈಲಲ್ಲಿ ಅರ್ಧ ನಿಮಿಷದ ವಿಡಿಯೋ ಬರುತ್ತೆ, ಗಾಡಿ ಬುರ್ರ್ ಅನ್ನುತ್ತೆ, ಮಗ ಬಂದು ಅಪ್ಪನ ಮುಂದೆ ನಿಲ್ತಾನೆ. ಬೋರ್ ಕಿಟ್ಟು, ಬೆಲೆ ಬಾಳೋ ಪ್ಲಗ್ಗು, ಓಪನ್ ಫಿಲ್ಟರು, ಸೌಂಡ್ ಬರೋ ಸೈಲೆನ್ಸರು, ಪೆಟ್ರೋಲಿಗೆ ಹಾಕೋ ಬಾಟಲಿ. ಎಲ್ಲಾ ಸೇರಿ ಐದು ಸಾವಿರ, ಎಂಟು ಸಾವಿರ ಅಂತಾರೆ. ದಿನಕ್ಕೆ 10 ಲೀಟರ್ ಹಾಲು ಹಾಕೋನಿಗೆ, ಲೀಟರಿಗೆ 35 ರೂಪಾಯಿ ಲೆಕ್ಕದಲ್ಲಿ, ದಿನಕ್ಕೆ ಬರೋದು 350. ಎಂಟು ಸಾವಿರ ಅಂದ್ರೆ 22-23 ದಿನದ ಹಾಲು. ಬೂಸಾ ಖರ್ಚು ಕಳೆದ್ರೆ ಎರಡು ತಿಂಗಳ ದುಡಿಮೆ. ಅಷ್ಟನ್ನ ಒಂದು ಸದ್ದಿಗೆ ಕೊಡ್ತಿದ್ದೀವಿ. ಅದಕ್ಕೇ ಬರೀತಿದ್ದೀನಿ.

ನನ್ನ ಮಾತು ಇಷ್ಟೇ. ನೂರು ಸಿಸಿ ಗಾಡಿಗೆ ಕಮ್ಮಿ ದುಡ್ಡಲ್ಲಿ ಹೊಸ ಪವರ್ ತರೋಕಾಗಲ್ಲ. ಕಮ್ಮಿ ದುಡ್ಡಲ್ಲಿ ಆಗೋದು ಎರಡೇ ಕೆಲಸ. ಒಂದು, ಗಾಡಿ ಕಳ್ಕೊಂಡಿರೋ ಪವರ್ ವಾಪಸ್ ತರೋದು. ಎರಡು, ಇರೋ ಪವರನ್ನ ನಮ್ಮ ಹೊರೆಗೆ, ನಮ್ಮ ಏರಿಗೆ ತಕ್ಕಂಗೆ ತಿರುಗಿಸೋದು. ಮಿಕ್ಕಿದ್ದೆಲ್ಲಾ ಬೆಳೆಗೆ ‘ಬೂಸ್ಟರ್’ ಅಂತ ಮಾರೋ ಬಣ್ಣದ ನೀರಿನ ಅಣ್ಣತಮ್ಮಂದಿರು.

ಒಂದೊಂದಾಗಿ ನೋಡೋಣ.

*ಬೋರ್ ಕಿಟ್ಟಿನ ಲೆಕ್ಕ*

ನಮ್ಮೂರಲ್ಲಿ ಜಾಸ್ತಿ ಇರೋದು ಸ್ಪ್ಲೆಂಡರ್, ಅದನ್ನೇ ತಗೊಳ್ಳಿ. ಬೋರು 50 ಮಿಲಿಮೀಟರ್, ಸ್ಟ್ರೋಕು 49.5. ಗುಣಿಸಿದ್ರೆ 97.2 ಸಿಸಿ. ಇದಕ್ಕೆ ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿ ‘ಸಿಸಿ ಜಾಸ್ತಿ ಮಾಡಿದೀವಿ’ ಅಂತಾರೆ. ಎಷ್ಟು ಜಾಸ್ತಿ? 50.5 ಹಾಕಿ ಲೆಕ್ಕ ಮಾಡಿದ್ರೆ 99.1 ಸಿಸಿ. ಎರಡು ಸಿಸಿನೂ ಪೂರ್ತಿ ಇಲ್ಲ, ನೂರಕ್ಕೆ ಎರಡು ಭಾಗ. ಒಂದು ಪೂರ್ತಿ ಮಿಲಿಮೀಟರ್ ಹೋದ್ರೂ 101 ಸಿಸಿ, ಅಂದ್ರೆ ನೂರಕ್ಕೆ ನಾಲ್ಕು. ಎಸ್ಸೆಸ್ಸೆಲ್ಸಿ ಗಣಿತ ಸಾಕು ಇದಕ್ಕೆ, ವೃತ್ತದ ವಿಸ್ತೀರ್ಣ ಇಂಟು ಎತ್ತರ.

ಇನ್ನು ಸ್ಪೀಡು. ಗಾಡಿ ಜೋರಾಗಿ ಹೋಗುವಾಗ ಎಂಜಿನ್ ಹೋರಾಡೋದು ಗಾಳಿ ಜೊತೆ. ಆ ವೇಗದಲ್ಲಿ ಸ್ಪೀಡು ನೂರಕ್ಕೆ ಹತ್ತು ಜಾಸ್ತಿ ಬೇಕು ಅಂದ್ರೆ ಪವರ್ ನೂರಕ್ಕೆ ಮೂವತ್ತಮೂರು ಜಾಸ್ತಿ ಬೇಕು. ನೀವು ಹಾಕ್ಸಿದ್ದು ನೂರಕ್ಕೆ ಎರಡು. 80ರಲ್ಲಿ ಹೋಗ್ತಿದ್ದ ಗಾಡಿ 80 ಮುಕ್ಕಾಲೂ ಮುಟ್ಟಲ್ಲ. ಆ ವ್ಯತ್ಯಾಸ ಮೀಟರ್ ಮುಳ್ಳಿನ ದಪ್ಪಕ್ಕಿಂತ ಕಮ್ಮಿ.

ಆದ್ರೆ ಬೋರ್ ಮಾಡ್ಸಿದ ಮೇಲೆ ಗಾಡಿ ಚುರುಕಾಗಿದೆ ಅಂತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ. ಸವೆದುಹೋಗಿದ್ದ ಸಿಲಿಂಡರ್, ರಿಂಗು ಹೋಗಿ ಹೊಸದು ಬಂತು, ಸೋರ್ತಿದ್ದ ಕಂಪ್ರೆಷನ್ ನಿಂತಿತು, ಅದಕ್ಕೆ ಚುರುಕಾಯ್ತು. ಅದು ರಿಪೇರಿ. ಸೈಲೆನ್ಸರಲ್ಲಿ ನೀಲಿ ಹೊಗೆ ಬರ್ತಿದ್ರೆ, ಆಯಿಲ್ ಕಮ್ಮಿ ಆಗ್ತಿದ್ರೆ, ಕಿಕ್ ಹೊಡೆದಾಗ ಕಾಲಿಗೆ ತಡೆನೇ ಸಿಗ್ತಿಲ್ಲ ಅಂದ್ರೆ ಮಾಡಿಸಿ, ದುಡ್ಡು ದಂಡ ಅಲ್ಲ. ಚೆನ್ನಾಗಿರೋ ಎಂಜಿನ್ನನ್ನ ಬಿಚ್ಚಿ ಬೋರ್ ಮಾಡಿಸೋದು ಮಾತ್ರ ಗಟ್ಟಿ ಹಲ್ಲು ಕಿತ್ತು ಕಟ್ಟಿದ ಹಲ್ಲು ಹಾಕ್ಸಿದಂಗೆ.

*ಪ್ಲಗ್ಗು, ಬಾಟಲಿ, ಜಾಸ್ತಿ ರೇಟಿನ ಪೆಟ್ರೋಲು*

ಸ್ಪಾರ್ಕ್ ಪ್ಲಗ್ ಕೆಲಸ ಕಿಡಿ ಕೊಡೋದು. ಕಿಡಿ ಸರಿಯಾಗಿ ಬಂದು ಪೆಟ್ರೋಲ್ ಹತ್ತಿಕೊಂಡ ಮೇಲೆ, ಬೆಂಕಿಕಡ್ಡಿ ಬೆಳ್ಳಿದಾದ್ರೇನು ಚಿನ್ನದ್ದಾದ್ರೇನು, ಒಲೆ ಶಾಖ ಒಂದೇ. ಇರಿಡಿಯಂ ಪ್ಲಗ್ ಬಾಳಿಕೆ ಬರುತ್ತೆ, ಅದು ನಿಜ. ಪವರ್ ಕೊಡಲ್ಲ. ಹಳೇ ಪ್ಲಗ್ ಗ್ಯಾಪು ಜಾಸ್ತಿ ಆಗಿ ಮಿಸ್ ಹೊಡೀತಿದ್ರೆ ಮಾಮೂಲಿ ಹೊಸ ಪ್ಲಗ್ ಹಾಕಿದ್ರೂ ಅದೇ ಗುಣ ಕಾಣುತ್ತೆ.

ಜಾಸ್ತಿ ಆಕ್ಟೇನ್ ಪೆಟ್ರೋಲು ಜಾಸ್ತಿ ಕಂಪ್ರೆಷನ್ ಇರೋ ದೊಡ್ಡ ಎಂಜಿನ್ನಲ್ಲಿ ಬಡಿತ ಬರದಂಗೆ ತಡೆಯೋಕೆ ಇರೋದು. ನಮ್ಮ ಗಾಡಿಗೆ ಮಾಮೂಲಿ ಪೆಟ್ರೋಲಿಗೆ ತಕ್ಕಂಗೇ ಎಂಜಿನ್ ಮಾಡಿದ್ದಾರೆ. ಅದಕ್ಕೆ ಮೇಲಿಂದು ಹಾಕೋದು ನಾಟಿ ಹಸುಗೆ ಬಾದಾಮಿ ಹಾಕಿದಂಗೆ.

ಎಥೆನಾಲ್ ವಿಚಾರನೂ ಹೇಳ್ಬಿಡ್ತೀನಿ. ಈಗ ಬಂಕಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲು. ಒಂದು ಲೀಟರ್ ಎಥೆನಾಲಲ್ಲಿ ಇರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಅಷ್ಟೇ. ಹಂಗಾಗಿ ಬೆರೆಸಿದ ಲೀಟರಲ್ಲಿ 6-7 ಪರ್ಸೆಂಟ್ ಶಕ್ತಿ ಕಮ್ಮಿ. ಹಳೇ ಗಾಡಿಯವರು ಮೈಲೇಜ್ ಕಮ್ಮಿ ಆಯ್ತು ಅನ್ನೋದಕ್ಕೆ ಇದೂ ಒಂದು ಕಾರಣ. ಇದಕ್ಕೆ ಬಾಟಲಿ ಔಷಧಿ ಪರಿಹಾರ ಅಲ್ಲ. ಕಾರ್ಬೊರೇಟರ್ ಗಾಡಿ ಇದ್ರೆ ಮಿಕ್ಸ್ಚರ್ ಒಂದ್ಸಲ ಸರಿಯಾಗಿ ಕೂರ್ಸಿ, ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ಯಾ, ರಬ್ಬರ್ ಮೆತ್ತಗಾಗಿದ್ಯಾ ನೋಡಿಸಿ. ಎಥೆನಾಲ್ ನೀರು ಹೀರುತ್ತೆ. ತಿಂಗಳುಗಟ್ಟಲೆ ಗಾಡಿ ನಿಲ್ಸೋದಾದ್ರೆ ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ ಖಾಲಿ ಮಾಡಿ ನಿಲ್ಸಿ.

*ಫಿಲ್ಟರ್ ತೆಗೆಯೋ ಬುದ್ಧಿವಂತಿಕೆ*

ಇದು ಎಲ್ಲಕ್ಕಿಂತ ಕೆಟ್ಟದ್ದು. ‘ಗಾಳಿ ಜಾಸ್ತಿ ಹೋಗ್ಲಿ’ ಅಂತ ಏರ್ ಫಿಲ್ಟರ್ ತೆಗೆಯೋದು, ಇಲ್ಲಾ ಪೆಟ್ಟಿಗೆನೇ ತೆಗೆದು ಬಾಯಿಗೆ ಒಂದು ಜಾಲರಿ ಸಿಕ್ಕಿಸೋದು. ಅಣ್ಣ, ನಾವು ಓಡಾಡೋದು ಬೆಂಗಳೂರಿನ ಫ್ಲೈಓವರ್ ಮೇಲಲ್ಲ. ಫೆಬ್ರವರಿ-ಮಾರ್ಚಲ್ಲಿ ನಮ್ಮ ತೋಟದ ದಾರಿ ಧೂಳು ಮೊಣಕಾಲಿಗೆ ಏಳುತ್ತೆ. ಆ ಧೂಳಲ್ಲಿ ಇರೋದು ಮರಳಿನ ಪುಡಿ. ಅದು ಸಿಲಿಂಡರಿಗೆ ಹೋದ್ರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದಂಗೆ ರಿಂಗು, ಬೋರು ಎರಡನ್ನೂ ತಿನ್ನುತ್ತೆ. ಆಮೇಲೆ ಅದೇ ಅಂಗಡಿಯವನೇ ಬೋರ್ ಮಾಡ್ಕೊಡ್ತಾನೆ. ವ್ಯಾಪಾರ ಹೆಂಗಿದೆ ನೋಡಿ!

ಸೈಲೆನ್ಸರ್ ಕಥೆನೂ ಅಷ್ಟೇ. ಒಳಗಿನ ತಡೆ ಕಿತ್ತು ಸದ್ದು ಮಾಡ್ಸಿದ್ರೆ ಕಿವಿಗೆ ಪವರ್ ಬಂದಂಗೆ ಕೇಳುತ್ತೆ, ಚಕ್ರಕ್ಕೆ ಬರಲ್ಲ. ಗಾಡಿ ತಯಾರಿಸುವಾಗ ಕಾರ್ಬೊರೇಟರ್ ಜೆಟ್ಟು, ಫಿಲ್ಟರು, ಸೈಲೆನ್ಸರು ಮೂರನ್ನೂ ಒಂದಕ್ಕೊಂದು ಹೊಂದಿಸಿರ್ತಾರೆ. ಒಂದನ್ನ ಕೆಡಿಸಿದ್ರೆ ಪೆಟ್ರೋಲ್-ಗಾಳಿ ಲೆಕ್ಕ ತಪ್ಪಿ ಎಂಜಿನ್ ಬಿಸಿ ಆಗುತ್ತೆ, ಪಟಪಟ ಹೊಡೆಯುತ್ತೆ. 2020ರ ಏಪ್ರಿಲಿಂದ ಈಚೆಗೆ ಬಂದಿರೋ ಬಿಎಸ್-6 ಗಾಡಿಗಳಲ್ಲಂತೂ ಹೊಗೆ ದಾರಿಯಲ್ಲೇ ಸೆನ್ಸರ್ ಕೂತಿರುತ್ತೆ. ಅಲ್ಲಿ ಕೈ ಹಾಕಿದ್ರೆ ಹಳದಿ ಲೈಟು ಉರಿಯುತ್ತೆ, ಮಾಮೂಲಿ ಮೆಕ್ಯಾನಿಕ್ ಕೈಲಿ ಆಗಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಳಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಂಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ದಂಡ ಬೀಳೋದು ಕಿಟ್ ಮಾರಿದೋನಿಗಲ್ಲ, ಆರ್‌ಸಿ ಬುಕ್ಕಲ್ಲಿ ಹೆಸರಿರೋ ಅಪ್ಪನಿಗೆ. ಮಕ್ಕಳಿಗೆ ಇದನ್ನ ಓದಿ ಹೇಳಿ.

*‘ಆರ್‌ಎಕ್ಸ್ 100 ಹೆಂಗೆ ಹೋಗ್ತಿತ್ತು?’*

ಹುಡುಗರು ಕೇಳೋ ಪ್ರಶ್ನೆ. ಅದೂ ನೂರು ಸಿಸಿನೇ, ಇದೂ ನೂರು ಸಿಸಿನೇ, ಅದಕ್ಕಿದ್ದ ಪವರ್ ಇದಕ್ಕೆ ಯಾಕಿಲ್ಲ? ಒಳ್ಳೇ ಪ್ರಶ್ನೆ. ಅದು ಟೂ ಸ್ಟ್ರೋಕು. ಕ್ರ್ಯಾಂಕು ಒಂದು ಸುತ್ತು ಬಂದ್ರೆ ಒಂದ್ಸಲ ಬೆಂಕಿ. ನಮ್ಮದು ಫೋರ್ ಸ್ಟ್ರೋಕು, ಎರಡು ಸುತ್ತಿಗೆ ಒಂದ್ಸಲ ಬೆಂಕಿ. ಅದು 98 ಸಿಸಿಲಿ 11 ಕುದುರೆ ಶಕ್ತಿ ಕೊಡ್ತಿತ್ತು, ಇದು 97ರಲ್ಲಿ ಸುಮಾರು 8 ಕೊಡುತ್ತೆ. ಬದಲಿಗೆ ಪೆಟ್ರೋಲ್ ಕಮ್ಮಿ ಕುಡಿಯುತ್ತೆ, ಬಾಳಿಕೆ ಜಾಸ್ತಿ. ಇದನ್ನ ಅದು ಮಾಡೋಕೆ ಹೋಗೋದು ಎಮ್ಮೆನ ರೇಸಿಗೆ ಬಿಟ್ಟಂಗೆ.

ಪವರ್ ನಿಜವಾಗಿ ಜಾಸ್ತಿ ಮಾಡೋರು ಇಲ್ವಾ? ಇದ್ದಾರೆ. ರೇಸ್ ಗಾಡಿ ಕಟ್ಟೋರು ಮಾಡ್ತಾರೆ. ಹೆಡ್ಡು, ಕ್ಯಾಮ್‌ಶಾಫ್ಟು, ಕಾರ್ಬೊರೇಟರು, ಕಂಪ್ರೆಷನ್ನು, ಟೈಮಿಂಗು ಎಲ್ಲಾ ಒಟ್ಟಿಗೆ ಬದಲಾಯಿಸಿ, ಅಳತೆ ಮಾಡಿ ಕೂರಿಸ್ತಾರೆ. ಆ ಖರ್ಚಿಗೆ ಒಂದು ಸೆಕೆಂಡ್ ಹ್ಯಾಂಡ್ 125 ಸಿಸಿ ಗಾಡಿಗೆ ಅರ್ಧ ದುಡ್ಡು ಹೊಂದುತ್ತೆ. ಅಂಥ ಎಂಜಿನ್ ಬಾಳಿಕೆನೂ ಬರಲ್ಲ. ನಿಮಗೆ ನಿಜವಾಗ್ಲೂ ಪವರ್ ಸಾಲಲ್ಲ ಅಂದ್ರೆ ದೊಡ್ಡ ಗಾಡಿ ತಗೊಳ್ಳೋದು ಕಮ್ಮಿ ಖರ್ಚು.

*ಪವರ್ ಎಲ್ಲಿ ಕಳೆದುಹೋಗಿದೆ?*

ಎಂಟು ಕುದುರೆ ಶಕ್ತಿ ಅಂದ್ರೆ ನಮ್ಮ ಬೋರ್‌ವೆಲ್ಲಿನ 7.5 ಎಚ್‌ಪಿ ಮೋಟ್ರಿಗಿಂತ ಒಂಚೂರು ಮೇಲೆ. ಕಮ್ಮಿ ಏನಲ್ಲ. ಅದು ಚಕ್ರಕ್ಕೆ ಬರೋ ದಾರಿಲಿ ಸೋರಿಹೋಗ್ತಿದೆ ಅಷ್ಟೇ. ಪೈಪಲ್ಲಿ ತೂತು ಬಿದ್ರೆ ಮೋಟ್ರು ದೊಡ್ಡದು ಮಾಡ್ತೀರಾ, ತೂತು ಮುಚ್ತೀರಾ? ಗಾಡಿಲಿ ತೂತು ಎಲ್ಲೆಲ್ಲಿರುತ್ತೆ ಅಂತ ಖರ್ಚಿಲ್ಲದ್ದರಿಂದ ಶುರು ಮಾಡಿ ಬರೀತೀನಿ.

1. ಟೈರ್ ಗಾಳಿ. ಸಂತೆ ಬೀದಿಲಿ ನಿಂತಿರೋ ಹತ್ತು ಗಾಡಿ ಹಿಂದಿನ ಟೈರ್ ಒತ್ತಿ ನೋಡಿ, ಗೊತ್ತಾಗುತ್ತೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಬುಕ್ಕಲ್ಲಿ, ಗಾಡಿ ಮೇಲಿನ ಸ್ಟಿಕ್ಕರಲ್ಲಿ ಇರುತ್ತೆ. ಹೊರೆ ಹಾಕೋ ದಿನ ಇಬ್ಬರ ಲೆಕ್ಕದ ಗಾಳಿ ಬೇಕು. ಖರ್ಚು ಸೊನ್ನೆ.

2. ಬ್ರೇಕ್ ಹಿಡ್ಕೊಂಡಿರೋದು. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಲಿ ತಿರುಗಿಸಿ. ಸಲೀಸಾಗಿ ಸುತ್ತಬೇಕು. ಸರ್ರ್ ಅಂತ ಉಜ್ಜಿ ನಿಂತ್ರೆ ನೀವು ದಿನಾ ಬ್ರೇಕ್ ಹಾಕ್ಕೊಂಡೇ ಡೈರಿಗೆ ಹೋಗ್ತಿದ್ದೀರಿ ಅಂತ ಅರ್ಥ.

3. ಚೈನು. ಒಣಗಿ, ಧೂಳು ಮೆತ್ತಿ, ಬಿಗಿ ಆಗಿದ್ರೆ ಪವರ್ ಅಲ್ಲೇ ಸಾಯುತ್ತೆ. ಬ್ರಷ್ಷಲ್ಲಿ ಸೀಮೆಎಣ್ಣೆ ಹಚ್ಚಿ ತೊಳೆದು, ಒಣಗಿಸಿ, ಗೇರ್ ಆಯಿಲ್ ಬಿಡಿ. ಮಧ್ಯದಲ್ಲಿ ಮೇಲೆ ಕೆಳಗೆ ಒಂದು ಇಂಚಿನಷ್ಟು ಆಡ್ಬೇಕು. ತೀರಾ ಬಿಗಿ ಮಾಡಿದ್ರೆ ಬೇರಿಂಗು ಹೋಗುತ್ತೆ.

4. ಏರ್ ಫಿಲ್ಟರು. ಸ್ಪಂಜಿನದಾದ್ರೆ ತೊಳೆದು, ಒಣಗಿಸಿ, ತೆಳ್ಳಗೆ ಆಯಿಲ್ ಹಿಂಡಿ ಹಾಕಿ. ಆಯಿಲ್ ಹೀರಿರೋ ಪೇಪರ್ ಫಿಲ್ಟರ್ ಆದ್ರೆ ತೊಳೆಯಂಗಿಲ್ಲ, ಗಾಳಿ ಹೊಡೆಯಂಗಿಲ್ಲ, ಬದಲಾಯಿಸಬೇಕು. ಧೂಳಿನ ದಾರಿಯವರು ಬುಕ್ಕಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಾಯಿಸಿ. ಕಟ್ಟಿಹೋದ ಫಿಲ್ಟರ್ ಅಂದ್ರೆ ಮೂಗಿಗೆ ಟವೆಲ್ ಕಟ್ಕೊಂಡು ಓಡಿದಂಗೆ.

5. ಆಯಿಲ್. ಟ್ರ್ಯಾಕ್ಟರಿಗೆ ತಂದು ಉಳಿದದ್ದನ್ನ ಬೈಕಿಗೆ ಸುರಿಯೋ ಅಭ್ಯಾಸ ನಮ್ಮಲ್ಲಿ ಬಹಳ. ಬಿಡಿ ಅದನ್ನ. ಬೈಕಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟು ಅದೇ ಆಯಿಲಲ್ಲಿ ಮುಳುಗಿರುತ್ತೆ. ಬೇರೆ ಜಾತಿ ಆಯಿಲ್ ಹಾಕಿದ್ರೆ ಪ್ಲೇಟು ಜಾರೋ ಸಾಧ್ಯತೆ ಇದೆ. ಡಬ್ಬಿ ಮೇಲೆ ಜಾಸೋ ಎಂಎ ಇಲ್ಲಾ ಎಂಎ2 ಅಂತ ಇರಬೇಕು, ಗ್ರೇಡು ನಿಮ್ಮ ಬುಕ್ಕಲ್ಲಿರೋದು.

6. ಕ್ಲಚ್ಚು. ಏರಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ ಅಂದ್ರೆ ಪ್ಲೇಟು ಜಾರ್ತಿದೆ. ಮೊದಲು ಲಿವರಿನಲ್ಲಿ ಸ್ವಲ್ಪ ಆಟ ಇದ್ಯಾ ನೋಡಿ. ತೀರಾ ಬಿಗಿ ಇದ್ರೂ ಜಾರುತ್ತೆ. ಆಮೇಲೆ ಪ್ಲೇಟ್ ಬದಲಾವಣೆ.

7. ಟ್ಯಾಪೆಟ್ ಮತ್ತು ಕಾರ್ಬೊರೇಟರ್. ಟ್ಯಾಪೆಟ್ ಗ್ಯಾಪು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ಎಂಜಿನ್ ತಣ್ಣಗಿದ್ದಾಗ, ಫೀಲರ್ ಗೇಜ್ ಇಟ್ಟು ಮಾಡೋ ಕೆಲಸ. ‘ಸೌಂಡ್ ಬರಬಾರ್ದು’ ಅಂತ ಬಿಗಿ ಮಾಡ್ಸಿದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಕೊನೆಗೆ ವಾಲ್ವೇ ಸುಡುತ್ತೆ. ಸ್ವಲ್ಪ ಟಿಕ್ ಟಿಕ್ ಇದ್ರೆ ಇರ್ಲಿ.

ಈ ಏಳನ್ನೂ ಮಾಡಿಸಿ, ಪಾರ್ಟ್ಸ್ ಕೂಡಿಸಿದ್ರೂ ನಮ್ಮ ಕಡೆ ರೇಟಲ್ಲಿ ಎಂಟು ಸಾವಿರದ ಹತ್ತಿರಕ್ಕೂ ಬರಲ್ಲ. ಪ್ಲೇಟು ಚೆನ್ನಾಗಿದ್ರೆ ಎರಡು ಸಾವಿರದೊಳಗೆ ಮುಗಿಯುತ್ತೆ.

*ನಿಜವಾದ ಅಪ್‌ಗ್ರೇಡು ಒಂದೇ: ಹಲ್ಲಿನ ಲೆಕ್ಕ*

ಹೊರೆ ಎಳೆಯೋರಿಗೆ ದುಡ್ಡಿಗೆ ಮೋಸ ಇಲ್ಲದ ಬದಲಾವಣೆ ಒಂದಿದೆ, ಸ್ಪ್ರಾಕೆಟ್ಟು. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದೆ ಅನ್ನಿ. ಮುಂದಿನದು ಮೂರು ಸುತ್ತು ಬಂದ್ರೆ ಹಿಂದಿನ ಚಕ್ರ ಒಂದು ಸುತ್ತು. ಮುಂದೆ 13 ಹಲ್ಲಿನದು ಹಾಕಿದ್ರೆ 3.23 ಸುತ್ತಿಗೆ ಒಂದು. ಎಳೆಯೋ ಬಲ ನೂರಕ್ಕೆ ಏಳೆಂಟು ಜಾಸ್ತಿ. ಬೋರ್ ಕಿಟ್ಟು ಕೊಟ್ಟಿದ್ದು ಎರಡು, ಒಂದು ಹಲ್ಲು ಕೊಟ್ಟಿದ್ದು ಏಳೆಂಟು! ಬಾವಿಲಿ ನೀರು ಸೇದಿದೋರಿಗೆ ಇದು ಅರ್ಥ ಆಗುತ್ತೆ. ಸಣ್ಣ ಉರುಳೆಗೆ ಹಗ್ಗ ಸುತ್ತಿ ಎಳೆದ್ರೆ ಸುತ್ತು ಜಾಸ್ತಿ, ಭಾರ ಹಗುರ.

ಪುಕ್ಕಟೆ ಏನೂ ಬರಲ್ಲ, ಅದನ್ನೂ ಹೇಳ್ತೀನಿ. ಅದೇ ಎಂಜಿನ್ ಓಟಕ್ಕೆ ಸ್ಪೀಡು ನೂರಕ್ಕೆ ಏಳು ಕಮ್ಮಿ. ಹೈವೇಲಿ ಎಂಜಿನ್ ಕೂಗುತ್ತೆ, ಅಲ್ಲಿ ಪೆಟ್ರೋಲೂ ಜಾಸ್ತಿ. ದಿನಾ ತಿಪಟೂರಿಗೋ ತುಮಕೂರಿಗೋ ಓಡಾಡೋರು ಕೈ ಹಾಕ್ಬೇಡಿ. ತೋಟ, ಡೈರಿ, ಸಂತೆ ಅಷ್ಟೇ ಅನ್ನೋರಿಗೆ ಸರಿ. ಸವೆದ ಚೈನಿಗೆ ಹೊಸ ಹಲ್ಲು ಹಾಕ್ಬೇಡಿ, ಒಂದನ್ನೊಂದು ತಿನ್ನುತ್ತವೆ. ಚೈನ್ ಸೆಟ್ ಹೇಗೂ ಬದಲಾಯಿಸೋ ಹೊತ್ತಲ್ಲಿ ಮಾಡಿದ್ರೆ ಬೇರೆ ಖರ್ಚೇ ಇಲ್ಲ. ನಿಮ್ಮ ಗಾಡಿಲಿ ಈಗ ಎಷ್ಟು ಹಲ್ಲಿದೆ ಅಂತ ಮೊದಲು ಎಣಿಸಿ, ನಿಮ್ಮ ಮಾಡೆಲ್ಲಿಗೆ ಆಗುತ್ತಾ ಅಂತ ಕೇಳಿ.

ಇದಕ್ಕಿಂತಲೂ ಅಗ್ಗದ್ದು ಇನ್ನೊಂದಿದೆ, ಗೇರ್ ಇಳಿಸೋದು. ಆ ಎಂಟು ಕುದುರೆ ಬರೋದು ಎಂಜಿನ್ 8,000 ಸುತ್ತು ಓಡುವಾಗ. ಟಾಪ್ ಗೇರಲ್ಲಿ ಗುರುಗುರು ಅನ್ನಿಸ್ಕೊಂಡು ಏರು ಹತ್ತಿಸಿದ್ರೆ ಸಿಗೋದು ಅದರ ಅರ್ಧದ ಹತ್ತಿರ. ‘ಗೇರ್ ಇಳಿಸಿದ್ರೆ ಪೆಟ್ರೋಲ್ ಜಾಸ್ತಿ’ ಅಂತ ಇಳಿಸಲ್ಲ, ಆಮೇಲೆ ಪವರ್ ಇಲ್ಲ ಅಂತ ಅಂಗಡಿಗೆ ಹೋಗ್ತೀವಿ.

*ಒಂದು ಮಾತು, ಕೋಪ ಬಂದ್ರೂ ಪರವಾಗಿಲ್ಲ*

ಪವರ್ ಜಾಸ್ತಿ ಮಾಡಿ ಅನ್ನೋರು ಬ್ರೇಕ್ ಬಗ್ಗೆ ಒಂದು ಮಾತೂ ಆಡಲ್ಲ. 40 ಲೀಟರ್ ಕ್ಯಾನ್ ತುಂಬಿದ್ರೆ ಬರೀ ಹಾಲೇ 41 ಕೆಜಿ. ಎರಡು ಕ್ಯಾನು, ಮೇಲೆ ನೀವು, ಅಂದ್ರೆ ಒಂದೂವರೆ ಕ್ವಿಂಟಾಲು. ಅದನ್ನ ನಿಲ್ಸೋದು 130 ಮಿಲಿಮೀಟರಿನ ಡ್ರಮ್ ಬ್ರೇಕು, ಅಂಗೈ ಅಗಲದ್ದು. ಕೆರೆ ಏರಿ ಇಳಿಜಾರಲ್ಲಿ ಆಪತ್ತಿಗೆ ಬರೋದು ಅದೇ. ಎಂಟು ಸಾವಿರ ಖರ್ಚು ಮಾಡ್ಲೇಬೇಕು ಅಂತ ಕೈ ತುರಿಸ್ತಿದ್ರೆ ಮೊದಲು ಎರಡೂ ಬ್ರೇಕ್ ಶೂ, ಹಿಂದಿನ ಟೈರು, ಒಂದು ಐಎಸ್‌ಐ ಹೆಲ್ಮೆಟ್ಟು ತಗೊಳ್ಳಿ. ದುಡ್ಡು ಇನ್ನೂ ಮಿಗುತ್ತೆ.

ನಮ್ಮೂರ ಹಳೇ ಮೆಕ್ಯಾನಿಕ್‌ಗಳನ್ನ ಬೈತಿಲ್ಲ ನಾನು. ಕೈಗೆ ಆಯಿಲ್ ಮೆತ್ತಿಕೊಂಡು ನೂರಿನ್ನೂರಕ್ಕೆ ಸರಿಯಾಗಿ ಟ್ಯೂನ್ ಮಾಡ್ಕೊಡೋರು ಅವರು. ಅವರ ಹತ್ರ ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ, ಗಾಜಿನ ಬಾಗ್ಲು ಇರೋ ಅಂಗಡಿಲಿ ಎಂಟು ಸಾವಿರ ಎಣಿಸಿ ಕೊಟ್ಟು ಬರ್ತೀವಿ. ಗೊಬ್ಬರದ ಅಂಗಡಿಲೂ ನಾವು ಮಾಡೋದು ಇದನ್ನೇ. ಮಣ್ಣು ಪರೀಕ್ಷೆಗೆ ಕೊಡಲ್ಲ, ಮಿನುಗೋ ಡಬ್ಬಿಗೆ ಕೊಡ್ತೀವಿ.

ಕಿಟ್ ಮಾರೋರನ್ನ ಮೂರು ಪ್ರಶ್ನೆ ಕೇಳಿ. ಹಾಕೋ ಮುಂಚೆ ಎಷ್ಟು ಪವರ್ ಇತ್ತು, ಹಾಕಿದ ಮೇಲೆ ಎಷ್ಟು, ಎಲ್ಲಿ ಅಳೆದ್ರಿ? ಎಂಜಿನ್ ಸೀಜ್ ಆದ್ರೆ ಬರೆದು ಕೊಟ್ಟ ಗ್ಯಾರಂಟಿ ಇದ್ಯಾ? ಪೊಲೀಸ್ ದಂಡ ಹಾಕಿದ್ರೆ ಯಾರು ಕಟ್ತಾರೆ? ಮೂರಕ್ಕೂ ಉತ್ತರ ಬಂದ್ರೆ ಹಾಕ್ಸಿ, ನಾನು ಅಡ್ಡ ಬರಲ್ಲ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ, ಅಳೆದು ನೋಡಿ. ನಿಮ್ಮ ದಾರಿಲಿ ಒಂದು ಏರು ಆರಿಸ್ಕೊಳ್ಳಿ. ಅದೇ ಹೊರೆ, ಅದೇ ಗೇರು, ಬುಡದಲ್ಲಿ ಅದೇ ಸ್ಪೀಡು. ತುದಿಲಿ ಮೀಟರ್ ಎಷ್ಟು ತೋರಿಸುತ್ತೆ ಬರೆದಿಡಿ. ಮೇಲೆ ಹೇಳಿದ ಒಂದರಿಂದ ಏಳು ಮಾಡಿಸಿ, ಮತ್ತೆ ಅದೇ ಏರು ಹತ್ತಿಸಿ. ಪೆಟ್ರೋಲೂ ಹಂಗೇ, ಟ್ಯಾಂಕ್ ಫುಲ್ಲಿಂದ ಫುಲ್ಲಿಗೆ ಲೆಕ್ಕ ಹಾಕಿ. ಎರಡೂ ನಂಬರ್ ಕೆಳಗೆ ಕಾಮೆಂಟಲ್ಲಿ ಹಾಕಿ, ಎಲ್ಲರಿಗೂ ಉಪಯೋಗ ಆಗುತ್ತೆ.

ಗಾಳಿ ಗೇಜು, ಫೀಲರ್ ಗೇಜು ಎರಡೂ ನಮ್ಮನೇಲಿದೆ. ಬೇಕಾದೋರು ಸಂಜೆ ಹಾಲು ಹಾಕೋ ಹೊತ್ತಿಗೆ ಡೈರಿ ಹತ್ರ ಸಿಗಿ, ತಂದಿರ್ತೀನಿ. ಗೇಜ್ ವಾಪಸ್ ಕೊಡೋದು ಮಾತ್ರ ಮರೀಬೇಡಿ.